ತೊಂದರೆ ಕೈಯಲ್ಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಕೈ ನಡುಗುವ, ಓಡಾಟ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಬಂದ ಅಪ್ಪನನ್ನೋ ಅಜ್ಜಿಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ನಾನು ಹೇಳಬೇಕಾದದ್ದು ಒಂದೇ ಮಾತು. ತೊಂದರೆ ಕೈಯಲ್ಲಿಲ್ಲ, ಮೆದುಳಿನಲ್ಲಿದೆ. ನರ ವೀಕ್ ಆಗಿದೆ ಅಂತ ಟಾನಿಕ್ ಕುಡಿಸಿದರೆ, ಕೈಗೆ ಎಣ್ಣೆ ತಿಕ್ಕಿದರೆ ಇದು ಹೋಗುವುದಿಲ್ಲ.

ಮೆದುಳಿನ ಬುಡದ ಹತ್ತಿರ ಕಪ್ಪಗೆ ಕಾಣುವ ಪುಟ್ಟ ಜಾಗ ಇದೆ. ನಮ್ಮ ಓಡಾಟಕ್ಕೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಾಗುವುದು ಅಲ್ಲಿನ ಜೀವಕೋಶಗಳಲ್ಲಿ. ಈ ಕಾಯಿಲೆಯಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಆಗ ಡೋಪಮೈನ್ ಸಾಲದೆ ಮೆದುಳಿನ ಬೇರೆ ಕೋಶಗಳು ಸುಮ್ಮನಾಗಿಬಿಡುತ್ತವೆ ಅಂದುಕೊಂಡಿರಾ? ಇಲ್ಲ! ನಮ್ಮ ಓಡಾಟ ನೋಡಿಕೊಳ್ಳುವ ಕೋಶಗಳು ಮೊದಲು ತಮ್ಮ ಪಾಡಿಗೆ ತಾವು ಮಿಡಿಯುತ್ತಿದ್ದವು. ಈಗ ಗುಂಪುಕಟ್ಟಿಕೊಂಡು, ಸೆಕೆಂಡಿಗೆ ಸುಮಾರು 20 ಸಲ, ಒಂದೇ ತಾಳಕ್ಕೆ ಮಿಡಿಯುತ್ತವೆ. ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಕೂಗುವಾಗ ಪಕ್ಕದವನ ಮಾತು ಕೇಳಿಸುತ್ತದೆಯೇ? ಇಲ್ಲೂ ಹಾಗೇ. ಅಪ್ಪ ಅಂಗಿಯ ಗುಂಡಿ ಹಿಡಿದು ನಿಂತೇ ಇರುತ್ತಾರೆ. ಬೆರಳಲ್ಲಿ ಶಕ್ತಿ ಇದೆ, ಅಪ್ಪಣೆ ತಲುಪುತ್ತಿಲ್ಲ. ಬೇಕು ಅಂತಲೇ ತಡ ಮಾಡ್ತಾರೆ ಅಂತ ಗದರುತ್ತೀರಲ್ಲ, ಅದು ತಪ್ಪು.

ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳಲೇಬೇಕು. 1987, ಫ್ರಾನ್ಸಿನ ಗ್ರೆನೋಬಲ್. ಅಲೀಂ ಲೂಯಿ ಬೆನಬೀದ್ ಎಂಬ ಸರ್ಜನ್ ನಡುಕದ ರೋಗಿಯೊಬ್ಬರಿಗೆ ಆಪರೇಷನ್ ಮಾಡುತ್ತಿದ್ದರು. ಆಗೆಲ್ಲ ಮೆದುಳಿನ ಒಂದು ಚೂರನ್ನು ಸುಟ್ಟು ನಡುಕ ನಿಲ್ಲಿಸುತ್ತಿದ್ದರು. ಸುಡುವ ಮೊದಲು ಸರಿಯಾದ ಜಾಗ ಹೌದೋ ಅಲ್ಲವೋ ನೋಡಬೇಕು, ಅದಕ್ಕೆ ತೆಳುವಾದ ತಂತಿಯಲ್ಲಿ ಸ್ವಲ್ಪ ಕರೆಂಟು ಹಾಯಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಬೆನಬೀದ್ ಕರೆಂಟು ಮಿಡಿಯುವ ವೇಗ ಹೆಚ್ಚಿಸುತ್ತಾ ಹೋದರು. ಸೆಕೆಂಡಿಗೆ 100 ಸಲದ ಹತ್ತಿರ ಬಂದಾಗ ಕೈ ನಡುಗುವುದು ನಿಂತೇ ಹೋಯಿತು. ಕರೆಂಟು ತೆಗೆದರು, ನಡುಕ ವಾಪಸ್. ಕೊಟ್ಟರು, ಮತ್ತೆ ನಿಂತಿತು. ನೋಡಿ, ಕೈಯನ್ನು ಯಾರೂ ಮುಟ್ಟಲೇ ಇಲ್ಲ! ಈಗ ಪಾರ್ಕಿನ್ಸನ್ ರೋಗಿಗಳಿಗೂ ಮೆದುಳಿನಲ್ಲಿ ಅಂಥದೇ ತಂತಿ, ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಕೋಶಗಳ ಆ ಒಂದೇ ತಾಳ ಕೆಡುತ್ತದೆ, ಕೈಕಾಲು ಸಡಿಲವಾಗುತ್ತದೆ.

ಸಮಯ ಆಗುತ್ತಾ ಬಂತು, ಮಾತ್ರೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಎಂಬ ಮಾತ್ರೆ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಅದೂ ಆ ತಾಳವನ್ನೇ ತಗ್ಗಿಸುತ್ತದೆ. ಆದರೆ ಕೆಲವೇ ಗಂಟೆ. ಹಾಗಾಗಿ ಎಂಟು ಗಂಟೆಯ ಮಾತ್ರೆ ಎಂಟಕ್ಕೇ ಕೊಡಿ, ತಿಂಡಿ ಆಗಲಿ, ಸ್ನಾನ ಆಗಲಿ ಅಂತ ಮುಂದೆ ಹಾಕಬೇಡಿ. ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬೇಡಿ. ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದರೂ ಈ ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ನಮಸ್ಕಾರ.