150 ರೂಪಾಯಿಗೆ ಸುಳ್ಳು ಕಿತ್ತಳೆ

ಹಿಂದಿನ ಸದ್ದಿಗೆ ಬೈಬೇಡಿ, ಪಕ್ಕದ ಕಣದಲ್ಲಿ ಕಾಫಿ ಹರಡುತ್ತಿದ್ದಾರೆ. ಈ ವಿಡಿಯೋದಲ್ಲಿ ವಾಟರ್ ಕಲರ್‌ನಲ್ಲಿ ಕೊಡಗಿನ ಕಿತ್ತಳೆ ಬರೆಯುತ್ತಿದ್ದೇನೆ, ಪೇಪರ್ ಅಂಟಿಸಿದ್ದು, ಪೆನ್ಸಿಲ್ ಗೆರೆ ಎಲ್ಲ ನೀವೇ ನೋಡುತ್ತಿದ್ದೀರಿ. ನಾನು ಹೇಳಬೇಕಿರುವುದು ಈ ಹಣ್ಣಿನ ಕಥೆ.

ಕುಶಾಲನಗರದಿಂದ ಬರುವಾಗ ರಸ್ತೆ ಬದಿ "ಕೊಡಗಿನ ಕಿತ್ತಳೆ" ಅಂತ ಬೋರ್ಡ್ ಕಂಡಿತು. ಕೆಜಿಗೆ 150 ರೂಪಾಯಿ! "ಇಲ್ಲಿದೇನಾ ಅಣ್ಣಾ?" ಅಂದೆ. "ನಮ್ಮ ತೋಟದ್ದೇ ಅಕ್ಕ" ಅಂದ. ಮನೆಗೆ ತಂದರೆ ಅಜ್ಜಿ ಒಂದನ್ನು ಹಿಡಿದು ಒತ್ತಿದರು ಅಷ್ಟೇ. "ಇದು ನಾಗಪುರದ್ದಲ್ವಾ, ಸಿಪ್ಪೆ ಪೊಳ್ಳು ನೋಡು." ನಮ್ಮದರ ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿರುತ್ತದೆ, ಹಣ್ಣಾದರೂ ಹಸಿರು ಕಲೆತ ಹಳದಿ. ನಾನು ತಂದಿದ್ದು ಕಣ್ಣು ಕುಕ್ಕುವ ಕೇಸರಿ. ಕೊಡಗಿನಲ್ಲೇ ಹುಟ್ಟಿ, ಕೊಡಗಿನಲ್ಲೇ ಮೋಸ ಹೋದೆ. ಇದು ಈ ಊರಿನದೇ ಅಂತ ಹೇಳುವ ಸರ್ಕಾರಿ ಗುರುತು, ಜಿಐ ಟ್ಯಾಗ್, ನಮ್ಮ ಕಿತ್ತಳೆಗೆ ಇದೆ, ಸರಿ, ಆದರೆ ಅದನ್ನೇನು ತೊಟ್ಟಿಗೆ ಕಟ್ಟಿರುತ್ತಾರಾ? ಎರಡು ಕೆಜಿ ಬೇರೆ ತಗೊಂಡಿದ್ದೆ.

ಈ ತಲೆನೋವು ಹಳೇದೇ. ಅಮೆರಿಕದಲ್ಲಿ ಒಂದೇ ಸೇಬನ್ನು ಊರಿಗೊಂದು ಹೆಸರಿಟ್ಟು ಮಾರುತ್ತಿದ್ದರು. ಆಗ ಕಲರ್ ಫೋಟೋ ಎಲ್ಲಿ? ಹಾಗಾಗಿ 1886ರಿಂದ ಅಲ್ಲಿನ ಕೃಷಿ ಇಲಾಖೆ ಕಲಾವಿದರನ್ನೇ ಇಟ್ಟುಕೊಂಡಿತು. ಬೆಳೆಗಾರರು ಹಣ್ಣು ಕಳಿಸುವುದು, ಇವರು ವಾಟರ್ ಕಲರ್‌ನಲ್ಲಿ ಇಡೀ ಹಣ್ಣನ್ನೂ ಕೊಯ್ದ ಅರ್ಧವನ್ನೂ ಬರೆಯುವುದು. 7,500ಕ್ಕೂ ಜಾಸ್ತಿ ಚಿತ್ರಗಳಿವೆ, ಡೆಬೊರಾ ಗ್ರಿಸ್ಕಮ್ ಪ್ಯಾಸ್‌ಮೋರ್ ಒಬ್ಬರದ್ದೇ ಸುಮಾರು 1,500. ಅರ್ಧ ಭಾಗ ಬರೀ ಸೇಬು, ಬೋರ್ ಅಂದುಕೊಂಡಿದ್ದೆ. ಹುಳ ಕೊರೆದ ತೂತು, ಕೊಳೆತ ಕಲೆ ಕೂಡ ಬಿಡದೆ ಬರೆದಿದ್ದಾರೆ, ರಾತ್ರಿ ಎರಡು ಗಂಟೆವರೆಗೂ ನೋಡುತ್ತಾ ಕೂತೆ. ನೆಟ್‌ನಲ್ಲಿ ಫ್ರೀ ಇದೆ.

ಅದಕ್ಕೂ ಹಳೇದು ಫೋಲ್ಕಾಮರ್ ಅಂತ ಜರ್ಮನಿಯ ನ್ಯೂರೆಂಬರ್ಗಿನ ವ್ಯಾಪಾರಿ 1708ರಲ್ಲಿ ತಂದ ನಿಂಬೆ, ಕಿತ್ತಳೆಗಳ ಚಿತ್ರದ ಪುಸ್ತಕ. ಕೆಳಗೆ ಪುಟ್ಟ ಮನೆ, ತೋಟ, ಮೇಲೆ ಆಕಾಶದಲ್ಲಿ ದೈತ್ಯ ನಿಂಬೆ! ನಾನೂ ಮಡಿಕೇರಿಯ ರಾಜಾಸೀಟ್ ಮೇಲೆ ಕಿತ್ತಳೆ ತೇಲಿಸಿದರೆ ಹೇಗೆ? ಬೇಡ, ಹೋಂಸ್ಟೇ ಬೋರ್ಡ್ ಥರ ಆಗುತ್ತದೆ.

ಅಯ್ಯೋ, ಪೇಪರ್ ಒಣಗುತ್ತಿದೆ. ಇದು ಅಸಲಿ ಹಣ್ಣು, ಹಿತ್ತಲಿನದು. ಕಾಫಿ ಮಧ್ಯೆ ಇದ್ದ ಬೇರೆ ಮರಗಳೆಲ್ಲ ಎಲೆಗೆ ಹಳದಿ ಮಚ್ಚೆ ಬಂದು ಸೊರಗುವ ಗ್ರೀನಿಂಗ್ ರೋಗಕ್ಕೆ ಹೋದವು, ಉಳಿದದ್ದು ಇದೊಂದೇ. ನಿಂಬೆ ಹಳದಿಗೆ ಬ್ರಷ್ ತುದಿಯಷ್ಟು ಹಸಿರು. ಜಾಸ್ತಿಯಾದರೆ ಪೇರಲೆ ಆಗುತ್ತದೆ, ನೋಡಿ, ಆಗೇ ಹೋಯಿತು. ಟಿಶ್ಯೂನಲ್ಲಿ ಒತ್ತಿ ತೆಗೆಯುತ್ತೇನೆ. ಹೊಳಪಿಗೆ ನಾನು ಬಿಳಿ ಬಣ್ಣ ಹಾಕುವುದಿಲ್ಲ, ಪೇಪರನ್ನೇ ಹಾಗೇ ಬಿಡುತ್ತೇನೆ. ಎಲೆಯಲ್ಲಿ ಒಂದು ಕಡೆ ಹಳದಿ ಮಚ್ಚೆ ಇದೆ. ಚೆಂದ ಕಾಣಲಿ ಅಂತ ಬಿಡೋಣ ಅನ್ನಿಸಿತ್ತು. ಇಲ್ಲ, ಅದನ್ನೂ ಬರೆಯುತ್ತೇನೆ.

ಒಣಗಿದ ಮೇಲೆ ಆ ಅಣ್ಣನಿಗೆ ತೋರಿಸಿಯೇ ಬರಬೇಕು. ಇರಿ, ಮೋಡ ಬಂತು, ಬೆಳಕು ಹೋಯಿತು, ಕಟ್ ಮಾಡುತ್ತೇನೆ. ಅಲ್ಲಿ ನೋಡಿ, ಅಜ್ಜಿ ಆ ನಾಗಪುರದ್ದನ್ನೇ ಸುಲಿದು ತಿನ್ನುತ್ತಿದ್ದಾರೆ. ಮೂರನೇದಂತೆ. ಸಿಹಿ ಇದೆಯಂತೆ.