ಹಿಮ ತೆಗೆಯುವುದು ಸಲಿಕೆಯ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಮ ಬೀಳುವ ಊರಿನಲ್ಲಿ ಮನೆ, ಮನೆ ಮುಂದೆ ಒಂದಿಷ್ಟು ಹುಲ್ಲು, ಕಾರು ನಿಲ್ಲಿಸುವುದಕ್ಕೆ ಒಂದು ಡ್ರೈವ್‌ವೇ. ಇಷ್ಟು ಇರುವವರ ಜೊತೆ ಇವತ್ತು ಮಾತಾಡೋಣ ಅಂತ ಬಂದಿದ್ದೇನೆ. ವರ್ಷಪೂರ್ತಿ ಲಾನ್ ನೋಡಿಕೊಳ್ಳುವುದು ಹೇಗೆ, ಚಳಿಗಾಲದಲ್ಲಿ ಹಿಮ ತೆಗೆಯುವುದು ಹೇಗೆ ಅಂತ ಎರಡು ವಿಷಯದ ಬಗ್ಗೆ ಹೇಳಿ ಅಂದರು ನಿಲಯದವರು. ನಾನು ಒಂದೇ ವಿಷಯ ಅಂತಲೇ ತಿಳಿದುಕೊಂಡಿದ್ದೇನೆ. ಜನವರಿಯಲ್ಲಿ ನೀವು ಹಿಮವನ್ನು ಎತ್ತಿ ಎಲ್ಲಿ ಹಾಕುತ್ತೀರಿ, ಅದರ ಮೇಲೆ ಏನು ಸುರಿಯುತ್ತೀರಿ, ಅದರ ಲೆಕ್ಕವನ್ನು ಹುಲ್ಲು ಮೇ ತಿಂಗಳಲ್ಲಿ ನಿಮ್ಮ ಮುಂದೆ ಇಡುತ್ತದೆ.

ಹಾಗಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಡುನಡುವೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಮ ಕರಗಲಿ ಅಂತ ಜನ ನೆಲಕ್ಕೆ ಉಪ್ಪು ಸುರಿಯುತ್ತಾರೆ. ಆದರೆ ಹಿಮ ತೆಗೆಯುವುದು ಸಲಿಕೆಯ ಕೆಲಸ, ಉಪ್ಪಿನ ಕೆಲಸ ಅಲ್ಲ.

ಚಳಿ ಸೀಮೆಯ ಲಾನ್‌ಗಳಲ್ಲಿ ಇರುವುದು ಹೆಚ್ಚಾಗಿ ಕೆಂಟಕಿ ಬ್ಲೂಗ್ರಾಸ್, ಪೆರೆನಿಯಲ್ ರೈಗ್ರಾಸ್, ಫೆಸ್ಕ್ಯೂ. ಮೂರೂ ತಂಪನ್ನು ಇಷ್ಟಪಡುವ ಹುಲ್ಲುಗಳು. 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಸೊಂಪಾಗಿ ಬೆಳೆಯುತ್ತವೆ. ಬಿಸಿಲು ಜಾಸ್ತಿಯಾದರೆ ಕಂದು ಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗಿಬಿಡುತ್ತವೆ. ಚಳಿ ಜಾಸ್ತಿಯಾದರೂ ಅಷ್ಟೇ. ಮಲಗಿದ ಹುಲ್ಲು ಸತ್ತ ಹುಲ್ಲಲ್ಲ, ಗಾಬರಿ ಬೇಡ.

ಲಾನ್ ಮೇಲೆ ತಾನಾಗಿ ಬಿದ್ದ ಹಿಮವನ್ನು ತೆಗೆಯಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡವೇ ಬೇಡ. ಹೊಸ ಹಿಮದ ಒಳಗೆಲ್ಲಾ ಗಾಳಿ ತುಂಬಿಕೊಂಡಿರುತ್ತದೆ. ಆ ಗಾಳಿ ಹೊರಗಿನ ಕೊರೆಯುವ ಚಳಿಯನ್ನು ಬೇರಿಗೆ ತಲುಪಲು ಬಿಡುವುದಿಲ್ಲ. ಹಿಮ ಇಲ್ಲದ ಒಣ ಚಳಿಯೇ ಹುಲ್ಲಿಗೆ ಕಷ್ಟ. ತಾನಾಗಿ ಬಿದ್ದ ಹಿಮ ಹುಲ್ಲನ್ನು ಕಾಯುತ್ತದೆ. ನಾವು ಉಪ್ಪು ಬೆರೆಸಿ ಎಸೆದ ಹಿಮ ಹುಲ್ಲನ್ನು ಕೊಲ್ಲುತ್ತದೆ.

ಇಲ್ಲಿ ಒಬ್ಬ ಹಿರಿಯರ ಮನೆ ವಿಷಯ ಹೇಳಲೇಬೇಕು.

ನಿವೃತ್ತರಾದವರು, ಎಲ್ಲದರಲ್ಲೂ ಅಚ್ಚುಕಟ್ಟು. ಮನೆ ಮುಂದಿನ ಲಾನ್ ನೋಡಿದರೆ ಕಾಲಿಡಲು ಮನಸ್ಸು ಬರುವುದಿಲ್ಲ, ಹಾಗಿತ್ತು. ಆದರೆ ಡ್ರೈವ್‌ವೇ ಪಕ್ಕಕ್ಕೆ ಉದ್ದಕ್ಕೂ ಒಂದು ಮೊಳ ಅಗಲದ ಪಟ್ಟಿ ಪೂರಾ ಬೋಳು. ರಸ್ತೆ ಸೇರುವ ಮೂಲೆಯಲ್ಲಿ ಇನ್ನೂ ಅಗಲ. ಪ್ರತಿ ವರ್ಷ ಹೊಸ ಮಣ್ಣು ತರಿಸುವುದು, ಬೀಜ ಹಾಕುವುದು, ದಿನಾ ನೀರು ಹಾಯಿಸುವುದು. ಹುಲ್ಲು ಬರುತ್ತಿತ್ತು ಕೂಡ. ಚಳಿಗಾಲ ಕಳೆದು ಹಿಮ ಕರಗಿದರೆ ಮತ್ತೆ ಅದೇ ಜಾಗ, ಅದೇ ಬೋಳು.

ನಾನು ಹೋಗುವ ಹೊತ್ತಿಗೆ ಅವರು ತೀರ್ಮಾನ ಮಾಡಿಬಿಟ್ಟಿದ್ದರು. "ನೋಡಮ್ಮಾ, ಇದು ಪಕ್ಕದ ಮನೆ ನಾಯಿ ಕೆಲಸ. ಅವರಿಗೆ ಬೇಜಾರಾಗದ ಹಾಗೆ ಹೆಂಗೆ ಹೇಳೋದು ಅನ್ನೋದಷ್ಟೇ ನನ್ನ ಚಿಂತೆ" ಅಂದರು.

ನಾಯಿ ಉಚ್ಚೆ ಹೊಯ್ದ ಜಾಗ ಹೀಗಿರುವುದಿಲ್ಲ. ಅದು ದುಂಡಗೆ ಇರುತ್ತದೆ. ನಡುವೆ ಹುಲ್ಲು ಸುಟ್ಟಿರುತ್ತದೆ, ಸುತ್ತ ಅಂಚಿನಲ್ಲಿ ಕಡು ಹಸಿರಾಗಿ ಎತ್ತರಕ್ಕೆ ಬೆಳೆದಿರುತ್ತದೆ, ಯಾಕೆಂದರೆ ಅಲ್ಲಿಗೆ ತಲುಪಿದ ಸಾರಜನಕ ಗೊಬ್ಬರದಷ್ಟೇ ಇರುತ್ತದೆ. ಇಲ್ಲಿ ಇದ್ದದ್ದು ನೇರ ಗೆರೆ. ನಾಯಿ ಯಾವತ್ತೂ ಗೆರೆ ಎಳೆದ ಹಾಗೆ ಓಡಾಡುವುದಿಲ್ಲ, ಅಲ್ವಾ?

ಹುಳದ ಕಾಟ ಇರಬಹುದಾ ಅಂತ ಅಂಚಿನ ಹುಲ್ಲನ್ನು ಹಿಡಿದು ಎಳೆದೆ. ಮಣ್ಣಿನೊಳಗಿನ ಗ್ರಬ್ ಹುಳ ಬೇರು ತಿಂದಿದ್ದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬರುತ್ತದೆ. ಇದು ಬರಲಿಲ್ಲ, ಬೇರು ಗಟ್ಟಿಯಾಗಿಯೇ ಇತ್ತು. ಆಮೇಲೆ ಬೋಳು ಜಾಗದ ಮಣ್ಣನ್ನು ಉಗುರಿನಿಂದ ಕೆರೆದೆ. ಮೇಲೆ ತೆಳ್ಳಗೆ, ಬೆಳ್ಳಗೆ ಒಂದು ಪೊರೆ. ಕೆಳಗೆ ಮಣ್ಣು ಗಟ್ಟಿ ಹೆಂಟೆ. ಕೈಯಲ್ಲಿದ್ದ ನೀರಿನ ಬಾಟಲಿಯಿಂದ ಸ್ವಲ್ಪ ಸುರಿದೆ. ನೀರು ಅಲ್ಲೇ ನಿಂತುಬಿಟ್ಟಿತು. ಮಾರು ದೂರದಲ್ಲಿ, ಒಳ್ಳೆಯ ಹುಲ್ಲಿರುವ ಕಡೆ ಅಷ್ಟೇ ನೀರು ಸುರಿದೆ. ನೋಡುತ್ತಿದ್ದ ಹಾಗೆ ಇಂಗಿಹೋಯಿತು. ಹಿರಿಯರು ಬಗ್ಗಿ ಎರಡೂ ಕಡೆ ನೋಡಿದರು. ಮಾತಾಡಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಬನ್ನಿ, ನಿಮಗೊಂದು ತೋರಿಸ್ತೀನಿ" ಅಂತ ಗ್ಯಾರೇಜಿಗೆ ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿದ್ದ ಉಪ್ಪಿನ ಚೀಲಗಳು. ಒಂದರ ಬಾಯಿ ಬಿಚ್ಚಿತ್ತು, ಒಳಗೆ ಮಣ್ಣು ಎತ್ತುವ ದೊಡ್ಡ ಸಲಿಕೆ. "ಹಿಮ ಬಿತ್ತು ಅಂದ್ರೆ ಇವರು ಇದರಲ್ಲೇ ಹಾಕೋದು. ಕರಗಿದ ಮೇಲೆ ಎಲ್ಲಾನೂ ಪಕ್ಕಕ್ಕೆ ತಳ್ಳೋದು."

"ಉಪ್ಪು ಹಾಕಿದ್ದು ಡ್ರೈವ್‌ವೇಗೆ ಅಲ್ವೇನಮ್ಮಾ? ಹುಲ್ಲಿಗೆ ಎಲ್ಲಿ ಹಾಕಿದೀನಿ?" ಅಂದರು ಹಿರಿಯರು.

"ಡ್ರೈವ್‌ವೇಗೆ ಹಾಕಿದ್ರಿ ಸರ್. ಆಮೇಲೆ ಆ ಉಪ್ಪಿನ ಕೆಸರನ್ನ ಬಾಚಿ ಹುಲ್ಲಿನ ಮೇಲೆ ಹಾಕಿದ್ರಿ" ಅಂದೆ.

ಈ ಒಂದು ಸಂಗತಿ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಅದಕ್ಕೇ ಇಷ್ಟು ವಿವರವಾಗಿ ಹೇಳಿದ್ದು. ಉಪ್ಪು ಡ್ರೈವ್‌ವೇ ಮೇಲೆ ನಿಲ್ಲುವುದಿಲ್ಲ. ಕರಗಿದ ನೀರಿನ ಜೊತೆ ಹರಿದು ಮಣ್ಣಿಗೆ ಹೋಗುತ್ತದೆ, ಇಲ್ಲವೇ ನಮ್ಮ ಸಲಿಕೆಯಲ್ಲೇ ಹೋಗುತ್ತದೆ.

ಮಣ್ಣಿಗೆ ಹೋದ ಉಪ್ಪು ಎರಡು ಕೆಡುಕು ಮಾಡುತ್ತದೆ. ಒಂದು, ಬೇರಿಗೆ ನೀರು ಸಿಗದ ಹಾಗೆ ಮಾಡುತ್ತದೆ. ಮಣ್ಣಿನ ನೀರು ಉಪ್ಪಾದಷ್ಟೂ ಬೇರು ಅದನ್ನು ಹೀರಿಕೊಳ್ಳಲಾರದು. ಮಣ್ಣು ಒದ್ದೆ ಇರುತ್ತದೆ, ಹುಲ್ಲು ಬಾಯಾರಿ ಒಣಗುತ್ತದೆ. ಇನ್ನೊಂದು, ಉಪ್ಪಿನಲ್ಲಿರುವ ಸೋಡಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊರಗೆ ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಆಗ ಜೇಡಿಮಣ್ಣಿನ ಸಣ್ಣ ಸಣ್ಣ ಉಂಡೆಗಳು ಒಡೆದು ಪುಡಿಯಾಗುತ್ತವೆ, ನೀರು, ಗಾಳಿ ಆಡುವ ಸಂದುಗಳು ಮುಚ್ಚಿಹೋಗುತ್ತವೆ. ಆ ಹಿರಿಯರ ಅಂಗಳದಲ್ಲಿ ನೀರು ನಿಂತದ್ದು ಇದರಿಂದಲೇ. ಅಂಥ ಮಣ್ಣಿಗೆ ಎಷ್ಟು ಒಳ್ಳೆಯ ಬೀಜ ಹಾಕಿದರೂ ದುಡ್ಡು ದಂಡ.

ಅವರು ಆ ವಸಂತದಲ್ಲಿ ಬೋಳು ಪಟ್ಟಿಗೆ ಜಿಪ್ಸಂ ಹಾಕಿದರು. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಅದರ ಕ್ಯಾಲ್ಸಿಯಂ ಮಣ್ಣಿನಲ್ಲಿ ಕೂತ ಸೋಡಿಯಂ ಅನ್ನು ಎಬ್ಬಿಸುತ್ತದೆ. ಆಮೇಲೆ ಬಿಟ್ಟು ಬಿಟ್ಟು ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನು ಕೆಳಕ್ಕೆ ತೊಳೆದರು. ಬೀಜವನ್ನು ಸೆಪ್ಟೆಂಬರಿನಲ್ಲಿ ಹಾಕಿದರು. ಚಳಿಗಾಲ ಬಂದಾಗ ಗ್ಯಾರೇಜಿನ ಆ ದೊಡ್ಡ ಸಲಿಕೆಯನ್ನು ಚೀಲದಿಂದ ತೆಗೆದು, ಹಿಮ ಎತ್ತುವುದಕ್ಕೆ ಮಾತ್ರ ಇಟ್ಟುಕೊಂಡರು. ಉಪ್ಪಿಗೆ ಒಂದು ಮಗ್ ಇಟ್ಟರು. ಮರುವರ್ಷ ಹಿಮ ಕರಗಿದಾಗ ಆ ಪಟ್ಟಿಯಲ್ಲಿ ಹುಲ್ಲಿತ್ತು.

ಮಗ್ಗಿನ ಲೆಕ್ಕ ಬರೆದುಕೊಳ್ಳಿ. ದೊಡ್ಡ ಕಾಫಿ ಮಗ್ ಒಂದರ ತುಂಬ, ಅಂದರೆ ಸುಮಾರು 350 ಗ್ರಾಂ ಉಪ್ಪು, 6 ಮೀಟರ್ ಉದ್ದದ ಡ್ರೈವ್‌ವೇಗೆ ಸಾಕು. ಹರಳಿಗೂ ಹರಳಿಗೂ ನಡುವೆ 7 ಸೆಂಟಿಮೀಟರಿನಷ್ಟು ಜಾಗ ಇರಬೇಕು. ನೆಲ ಬೆಳ್ಳಗೆ ಕಾಣುವಷ್ಟು ಹಾಕಿದರೆ ಅದು ವ್ಯರ್ಥ. ನೆಲ ಒಣಗಿದ ಮೇಲೆ ಉಳಿದ ಹರಳುಗಳನ್ನು ಗುಡಿಸಿಟ್ಟುಕೊಂಡು ಮತ್ತೆ ಬಳಸಿ.

ಇನ್ನೊಂದು ವಿಷಯ ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ. ಸಾಮಾನ್ಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಕರಗಲಿಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ. ಇನ್ನಷ್ಟು ಸುರಿದರೂ ಕರಗುವುದಿಲ್ಲ! ಅಷ್ಟು ಚಳಿ ಇದ್ದಾಗ ಮರಳು ಹಾಕಿ. ಮರಳು ಮಂಜುಗಡ್ಡೆಯನ್ನು ಕರಗಿಸುವುದಿಲ್ಲ, ಆದರೆ ಕಾಲು ಜಾರದ ಹಾಗೆ ಹಿಡಿತ ಕೊಡುತ್ತದೆ. ಕರಗಿಸಲೇಬೇಕು ಅಂದರೆ ಕ್ಯಾಲ್ಸಿಯಂ ಕ್ಲೋರೈಡ್ ಇದೆ. ಅದು ಕರಗುವಾಗ ತಾನೇ ಬಿಸಿ ಬಿಡುತ್ತದೆ, ಇನ್ನೂ ಕಡು ಚಳಿಯಲ್ಲಿ ಕೆಲಸ ಮಾಡುತ್ತದೆ, ಅದರಲ್ಲಿ ಸೋಡಿಯಂ ಇಲ್ಲ. ಅದೂ ಸ್ವಲ್ಪವೇ ಇರಲಿ, ಜಾಸ್ತಿಯಾದರೆ ಅದೂ ಹುಲ್ಲು ಸುಡುತ್ತದೆ.

ಇದೆಲ್ಲಾ ಸಲಿಕೆಯ ಕೆಲಸ ಮುಗಿದ ಮೇಲಿನ ಮಾತು. ಸಲಿಕೆ ಮೊದಲು. ಹಿಮ ನಿಲ್ಲಲಿ, ಆಮೇಲೆ ಒಂದೇ ಸಲ ತೆಗೆಯೋಣ ಅಂತ ಕಾಯಬೇಡಿ. ಬೀಳುತ್ತಿರುವಾಗಲೇ ನಾಲ್ಕೈದು ಸೆಂಟಿಮೀಟರ್ ಆದ ಕೂಡಲೇ ಒಂದು ಸಲ ತಳ್ಳಿಬಿಡಿ. ಕಾರು ಓಡಿಸುವ ಮುಂಚೆ, ಜನ ತುಳಿಯುವ ಮುಂಚೆ ತೆಗೆಯಿರಿ. ಟೈರಿನ ಕೆಳಗೆ ಅದುಮಿಹೋದ ಹಿಮ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಅದನ್ನು ಬಿಡಿಸುವುದಕ್ಕೇ ಆಮೇಲೆ ಉಪ್ಪು ಬೇಕಾಗುವುದು. ಬೇಗ ತೆಗೆದ ನೆಲಕ್ಕೆ ಎಷ್ಟೋ ದಿನ ಉಪ್ಪು ಬೇಕಾಗುವುದೇ ಇಲ್ಲ. ನಾನು ಇಷ್ಟು ಹೊತ್ತಿನಿಂದ ಹೇಳುತ್ತಿರುವುದು ಇದನ್ನೇ.

ಎತ್ತಬೇಡಿ, ತಳ್ಳಿ. ಎತ್ತಲೇಬೇಕಾದರೆ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಅರ್ಧ ಸಲಿಕೆ ಎತ್ತಿ. ಒದ್ದೆ ಹಿಮ ನೋಡುವುದಕ್ಕೆ ಹಗುರ ಕಂಡರೂ, ಒಂದು ಚದರ ಮೀಟರಿನಲ್ಲಿ 10 ಸೆಂಟಿಮೀಟರ್ ಬಿದ್ದರೆ 30 ಕಿಲೋ ತೂಗಬಹುದು. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಅದರ ಮೇಲೆ ಈ ಭಾರ. ಹೃದಯದ ತೊಂದರೆ ಇರುವವರು ದಯವಿಟ್ಟು ಸಲಿಕೆ ಮುಟ್ಟಬೇಡಿ, ಮನೆಯ ಬೇರೆಯವರಿಗೆ ಕೊಡಿ. ಎದೆ ಹಿಡಿದುಕೊಂಡ ಹಾಗಾದರೆ "ಇನ್ನೊಂದು ಸ್ವಲ್ಪ ಇದೆ" ಅನ್ನಬೇಡಿ. ಅಲ್ಲೇ ಬಿಟ್ಟು ಒಳಗೆ ಹೋಗಿ, ಆಂಬುಲೆನ್ಸಿಗೆ ಫೋನ್ ಮಾಡಿ.

ತೆಗೆದ ಹಿಮವನ್ನು ಒಂದೇ ಜಾಗದಲ್ಲಿ ಗುಡ್ಡೆ ಹಾಕಬೇಡಿ. ಅದುಮಿದ ಗುಡ್ಡೆ ಎಲ್ಲಕ್ಕಿಂತ ಕೊನೆಗೆ ಕರಗುತ್ತದೆ. ಅದರ ಅಡಿಯಲ್ಲಿ ಎರಡು ತಿಂಗಳು ಮುಚ್ಚಿಕೊಂಡಿದ್ದ ಹುಲ್ಲಿಗೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಸ್ನೋ ಮೋಲ್ಡ್ ಅನ್ನುತ್ತಾರೆ. ಕರಗಿದ ಮೇಲೆ ಆ ಹುಲ್ಲು ಒಂದಕ್ಕೊಂದು ಅಂಟಿಕೊಂಡು ಬಿದ್ದಿರುತ್ತದೆ. ಔಷಧಿ ಹೊಡೆಯಬೇಡಿ. ನೆಲ ಒಣಗಿದ ಮೇಲೆ ರೇಕಿನಿಂದ, ಅಂದರೆ ಹಲ್ಲಿರುವ ಬಾಚುಗೋಲಿನಿಂದ, ಮೆಲ್ಲಗೆ ಬಿಡಿಸಿ ಗಾಳಿಯಾಡಲು ಬಿಡಿ, ಹೆಚ್ಚಿನ ಪಾಲು ತಾನೇ ಚಿಗುರುತ್ತದೆ. ಹಿಮವನ್ನು ಹರಡಿ ಹಾಕಿ, ಬಿಸಿಲು ಬೀಳುವ ಕಡೆ ಹಾಕಿ, ಮನೆಯ ಗೋಡೆಗೆ ಒತ್ತಿ ಹಾಕಬೇಡಿ. ಕರಗಿದ ನೀರು ಅಡಿಪಾಯಕ್ಕೆ ಇಳಿಯುತ್ತದೆ.

ಸಮಯ ಓಡುತ್ತಿದೆ, ಉಳಿದ ಕಾಲಗಳನ್ನು ಬೇಗ ಬೇಗ ಹೇಳುತ್ತೇನೆ.

ವಸಂತದಲ್ಲಿ ಅವಸರ ಬೇಡ. ಕೆಸರಾಗಿರುವ ಲಾನ್ ಮೇಲೆ ನಡೆದಾಡಿದರೆ ಮಣ್ಣು ಅದುಮಿಹೋಗುತ್ತದೆ. ಹುಲ್ಲು ಹಸಿರಾಗಿ ಬೆಳೆಯಲು ಶುರುಮಾಡುವವರೆಗೆ ಗೊಬ್ಬರವೂ ಬೇಡ.

ಬೇಸಿಗೆಯಲ್ಲಿ ಹುಲ್ಲನ್ನು ಎತ್ತರಕ್ಕೆ ಬಿಡಿ. 7ರಿಂದ 8 ಸೆಂಟಿಮೀಟರ್ ಇರಲಿ. ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಬೇಡಿ. ಎತ್ತರದ ಹುಲ್ಲಿನ ಬೇರು ಆಳಕ್ಕೆ ಹೋಗುತ್ತದೆ, ಅದರ ನೆರಳಿನಲ್ಲಿ ಕಳೆ ಹುಟ್ಟುವುದು ಕಡಿಮೆ. ಕತ್ತರಿಸಿದ ಚೂರುಗಳನ್ನು ಅಲ್ಲೇ ಬಿಡಿ, ಅದರಿಂದಲೇ ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಸಿಗುತ್ತದೆ. ನೀರು ಮಳೆಯೂ ಸೇರಿ ವಾರಕ್ಕೆ ಎರಡೂವರೆ ಸೆಂಟಿಮೀಟರ್, ಬೆಳಗಿನ ಹೊತ್ತು.

ನಿಜವಾದ ಲಾನ್ ಕೆಲಸ ಇರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಕಳೆಯ ಕಾಟ ಕಡಿಮೆ. ಅದುಮಿದ ನೆಲಕ್ಕೆ ತೂತು ಕೊರೆಸಿ, ಬೀಜ ಹಾಕಿ, ಗೊಬ್ಬರ ಕೊಡಿ. ರೈಗ್ರಾಸ್ ಒಂದು ವಾರದಲ್ಲೇ ಮೊಳೆಯುತ್ತದೆ, ಬ್ಲೂಗ್ರಾಸ್‌ಗೆ ಎರಡು ಮೂರು ವಾರ ತಾಳ್ಮೆ ಬೇಕು. ವರ್ಷದ ಕೊನೆಯ ಕಟಾವಿನಲ್ಲಿ ಮಾತ್ರ 5ರಿಂದ 6 ಸೆಂಟಿಮೀಟರಿಗೆ ಇಳಿಸಿ. ಉದ್ದ ಹುಲ್ಲು, ಉದುರಿದ ಎಲೆ ಹಾಗೇ ಬಿಟ್ಟರೆ ಹಿಮದಡಿ ಬೂಷ್ಟು ಹಿಡಿಯುತ್ತದೆ, ಇಲಿಗಳು ಸುರಂಗ ಮಾಡಿಕೊಳ್ಳುತ್ತವೆ.

ಹೊರಗಿನ ನಲ್ಲಿಯಿಂದ ಹೋಸ್ ಪೈಪ್ ಬಿಚ್ಚಿಡಿ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ನೆಲ ಗಟ್ಟಿಯಾಗುವ ಮುಂಚೆ ಡ್ರೈವ್‌ವೇ ಅಂಚಿಗೆ ಗುರುತಿನ ಕಡ್ಡಿ ನೆಡಿ, ಹಿಮದಡಿ ಅಂಚು ಕಾಣದೆ ಹುಲ್ಲನ್ನು ಕೆತ್ತುವುದು ತಪ್ಪುತ್ತದೆ.

ಸ್ನೋ ಬ್ಲೋವರ್, ಅಂದರೆ ಹಿಮವನ್ನು ಎತ್ತಿ ದೂರಕ್ಕೆ ಎಸೆಯುವ ಯಂತ್ರ ಇರುವವರಿಗೆ ಒಂದು ಮಾತು, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಮುಚ್ಚಿದ ಗ್ಯಾರೇಜಿನಲ್ಲಿ ಅದನ್ನು ಶುರುಮಾಡಬೇಡಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ, ಅದರ ವಾಸನೆ ಬರುವುದಿಲ್ಲ. ಹಿಮ ಸಿಕ್ಕಿಕೊಂಡರೆ ಕೈ ಹಾಕಬೇಡಿ. ಎಂಜಿನ್ ಆರಿಸಿದ ಮೇಲೂ ಒಳಗಿನ ಬ್ಲೇಡಿನಲ್ಲಿ ಬಿಗಿತ ಉಳಿದಿರುತ್ತದೆ, ಹಿಮ ಸಡಿಲವಾದ ಕೂಡಲೇ ಅದು ಗಿರ್ರನೆ ತಿರುಗುತ್ತದೆ. ಬೆರಳು ಹೋದವರಿದ್ದಾರೆ. ಮೊದಲು ಎಂಜಿನ್ ಆರಿಸಿ, ಬ್ಲೇಡ್ ನಿಂತಿದೆಯಾ ನೋಡಿ, ಆಮೇಲೆ ಕೋಲಿನಿಂದ ಬಿಡಿಸಿ. ಆ ಕೋಲನ್ನು ಯಂತ್ರಕ್ಕೇ ಕಟ್ಟಿಡಿ.

ನಮಸ್ಕಾರ.