ಮೂಟೆಯ ತಳದಲ್ಲಿ ಏನಿದೆ?

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಂ.

ಪ್ರವಾದಿ ಮುಹಮ್ಮದರು ಹುಟ್ಟಿದ ರಬೀಉಲ್ ಅವ್ವಲ್ ತಿಂಗಳು ಬಂತೆಂದರೆ ನಮ್ಮ ಕೊಡಗಿನ ಊರುಗಳಲ್ಲಿ ಹಸಿರು ಬಾವುಟ, ಬಣ್ಣದ ದೀಪ, ಮದ್ರಸದ ಮಕ್ಕಳು ಬಡಿಯುವ ದಫ್ ಎಂಬ ಕೈವಾದ್ಯ. ನಾನೂ ಮೆರವಣಿಗೆಯಲ್ಲಿ ದಫ್ ಬಡಿದವನೇ. ತಾಳ ತಪ್ಪಿ ಮದ್ರಸದ ಗುರುಗಳಾದ ಉಸ್ತಾದರ ಹತ್ತಿರ ಬೈಸಿಕೊಂಡವನೇ. ಪ್ರವಾದಿಯವರನ್ನು ಹಾಡಿ ಹೊಗಳುವುದು ಸುಲಭ. ಅವರು ಒಪ್ಪುವ ಹಾಗೆ ಮೂಟೆ ಕಟ್ಟುವುದಿದೆಯಲ್ಲ, ಅದು ಕಷ್ಟ.

ಮೂಟೆ ಯಾಕೆ ಬಂತು ಅಂತೀರಾ? ಪ್ರವಾದಿಯವರ ನಡೆನುಡಿಯ ವರದಿಗಳಿಗೆ ಹದೀಸ್ ಅನ್ನುತ್ತಾರೆ. ಅವುಗಳ ಸಂಗ್ರಹವಾದ ಸಹೀಹ್ ಮುಸ್ಲಿಂನಲ್ಲಿ ಒಂದು ಹದೀಸ್ ಇದೆ. ಪ್ರವಾದಿಯವರು ಒಂದು ಧಾನ್ಯದ ರಾಶಿಯ ಪಕ್ಕ ಹೋಗುತ್ತಿದ್ದರು. ನಿಂತು ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಇದೇನು ಅಂತ ಕೇಳಿದರು. ಮಳೆ ಬಿತ್ತು ಅಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ, ಮೋಸ ಮಾಡುವವನು ನನ್ನವನಲ್ಲ ಅಂದರು.

ಗಮನಿಸಿ, ಆ ಮನುಷ್ಯ ಸುಳ್ಳು ಹೇಳಲಿಲ್ಲ. ಮಳೆ ನಿಜವಾಗಿಯೂ ಬಿದ್ದಿತ್ತು. ಮಳೆ ಬೀಳುವುದು ಯಾರ ತಪ್ಪೂ ಅಲ್ಲ, ಅದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒದ್ದೆಯನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ ಕೈಯದು ತಪ್ಪು.

ಆ ಕೈ ಒಮ್ಮೆ ನನ್ನದೂ ಆಗಿತ್ತು. ಜನವರಿಯಲ್ಲಿ ಅಕಾಲ ಮಳೆ, ಕಣದಲ್ಲಿ ಸಿಪ್ಪೆ ಸಮೇತ ಒಣಗಲು ಹಾಕಿದ್ದ ಕಾಫಿ ಹಣ್ಣು, ಅಂದರೆ ಚೆರಿ ಕಾಫಿ, ನೆನೆಯಿತು. ಚೆನ್ನಾಗಿ ಒಣಗಿದ ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಇದು ಉಸಿರೇ ಎತ್ತಲಿಲ್ಲ. ನನಗೆ ದುಡ್ಡಿನ ಅವಸರ. ಹಸಿಯನ್ನು ಮೂಟೆಯ ತಳಕ್ಕೆ ಸುರಿದೆ, ಮೇಲೆ ಒಣ ಚೆರಿ. ಉಪ್ಪ, ಅಂದರೆ ನನ್ನ ಅಪ್ಪ, ನೋಡಿದರು. ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೂಟೆ ಮಗುಚಿ ಎಲ್ಲವನ್ನೂ ಮತ್ತೆ ಕಣಕ್ಕೆ ಹರಡಿದರು. ಇನ್ನೂ ನಾಲ್ಕು ದಿನ ಬಿಸಿಲಿಗೆ ಬಿತ್ತು. ತೂಕ ಇಳಿಯಿತು. ಹಾಳಾದ್ದು, ಅಷ್ಟರಲ್ಲಿ ರೇಟೂ ಇಳಿದಿತ್ತು.

ತೂಕದಲ್ಲಿ ವ್ಯಾಪಾರಿಗಳು ನಮಗೆ ಮೋಸ ಮಾಡುವುದಿಲ್ಲವಾ, ನಾವು ಮಾತ್ರ ಸಾಚಾ ಆಗಬೇಕಾ ಅಂತ ಅವತ್ತು ಜಗಳ ಆಡಿದ್ದೆ. ಈ ಪ್ರಶ್ನೆ ನನಗೆ ಈಗಲೂ ಬರುತ್ತದೆ. ಆಗೆಲ್ಲ ನೆನಪಾಗುವುದು 622ರ ಹಿಜ್ರಾ, ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದದ್ದು. ಮಕ್ಕಾದವರು ಪ್ರವಾದಿಯವರನ್ನು ಕೊಲ್ಲಲು ಹೊಂಚು ಹಾಕಿದ್ದರು. ಆದರೆ ಜನ ನಂಬಿ ಇಟ್ಟ ಒಡವೆ, ಹಣ ಪ್ರವಾದಿಯವರ ಹತ್ತಿರವೇ ಇತ್ತು. ಯಾಕೆಂದರೆ ಅವರು ಅಲ್ ಅಮೀನ್, ನಂಬಿಕಸ್ಥ. ಪ್ರವಾದಿಯಾಗುವ ಮೊದಲೇ ಬಂದ ಹೆಸರು ಅದು. ಊರು ಬಿಡುವಾಗ ಅದನ್ನೆಲ್ಲ ಅವರವರಿಗೆ ವಾಪಸ್ ಕೊಡಲು ತಮ್ಮ ಚಿಕ್ಕಪ್ಪ ಅಬೂ ತಾಲಿಬರ ಮಗ ಅಲಿಯವರನ್ನು ಹಿಂದೆ ಬಿಟ್ಟು ಹೋದರು ಅನ್ನುತ್ತದೆ ಅವರ ಚರಿತ್ರೆ. ಇದನ್ನು ಕೇಳಿದ ಮೇಲೆ ನನ್ನ ವಾದಕ್ಕೆ ಕಾಲೇ ಇಲ್ಲ.

ಪ್ರವಾದಿಯವರಲ್ಲಿ ನಿಮಗೆ ಒಳ್ಳೆಯ ಮಾದರಿ ಇದೆ ಅಂತ ಕುರ್‌ಆನಿನ 33ನೇ ಅಧ್ಯಾಯ ಹೇಳುತ್ತದೆ. ನಾವು ಆ ಮಾದರಿಯನ್ನು ಗಡ್ಡದ ಅಳತೆಯಲ್ಲಿ ಹುಡುಕುತ್ತಾ ಗಂಟೆಗಟ್ಟಲೆ ವಾದ ಮಾಡುತ್ತೇವೆ. ತಕ್ಕಡಿಯ ಮಾತು ಬಂದರೆ ಎಲ್ಲರಿಗೂ ಕೆಲಸ ನೆನಪಾಗುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಿ ಅಂದವರೂ ಪ್ರವಾದಿಯವರೇ. ತೋಟದ ಲೈನ್‌ಮನೆಗಳಲ್ಲಿರುವ ಕೂಲಿಯವರ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುವವರು ಪ್ರವಾದಿಯವರನ್ನು ಹಾಡಿ ಹೊಗಳುವ ಮೌಲಿದ್‌ಗೆ ಮಾತ್ರ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಯಾರ ಹೆಸರೂ ಹೇಳುವುದಿಲ್ಲ, ಬಿಡಿ.

ಈಗಲೂ ವ್ಯಾಪಾರಿ ನಮ್ಮ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸುವಾಗ ನನ್ನ ಎದೆ ಒಂಚೂರು ಹೊಡೆದುಕೊಳ್ಳುತ್ತದೆ. ತಳದವರೆಗೂ ಒಣಗಿದೆ ಅಂತ ಗೊತ್ತಿದ್ದರೂ.